ಹನೋಕ ಹಂಚಿದ ಎತ್ತು

ಕೋಳಂಬೆಯ ಯಹೂದಿಗಳ ಓಣಿಯಾದ ಇಸ್ರಾಯೇಲ್ ಆಳಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಗಾಣವಿತ್ತು. ಬೆಳಗಾದರೆ ಮಕ್ಕಳು ಏಳುತ್ತಿದ್ದದ್ದೇ ಅವುಗಳ ಕಿರುಗುಟ್ಟುವ ಸದ್ದಿಗೆ. ಆಮೇಲೆ ಜನ ಒಬ್ಬೊಬ್ಬರಾಗಿ ಮುಂಬಯಿಗೆ ಹೋದರು, ಅಲ್ಲಿಂದ ಇಸ್ರೇಲಿಗೆ ಹೋದರು. ಆ ಓಣಿಯಲ್ಲಿ ಉಳಿದದ್ದು ಅವರ ಪ್ರಾರ್ಥನಾಮಂದಿರ ಸಿನಗಾಗು, ಅದರ ಹಿಂದಿನ ಗೋರಿಗಳು, ಹನೋಕ ಮತ್ತು ಅವನ ಹೆಂಡತಿ ಸಿಪ್ಪೋರಾ.

ಅವರೂ ಹೊರಡಬೇಕೆಂದೇ ಇದ್ದವರು. ಆದರೆ ಸಿಪ್ಪೋರಾಳ ಹೊಟ್ಟೆ ಒಪ್ಪಲಿಲ್ಲ. ರೇವಸ್ ಬಂದರಿನಿಂದ ಮುಂಬಯಿಗೆ ಹೋಗುವ ಲಾಂಚು ಹಗ್ಗ ಬಿಚ್ಚುವ ಮೊದಲೇ ಅವಳಿಗೆ ವಾಂತಿ ಶುರುವಾಗುತ್ತಿತ್ತು. ಜನರನ್ನು ಇಸ್ರೇಲಿಗೆ ಕಳಿಸುವ ಮುಂಬಯಿಯ ಆಫೀಸಿನವನೊಬ್ಬ ಮನೆಗೆ ಬಂದು ವಿಮಾನದ ವಿಷಯವನ್ನೆಲ್ಲ ವಿವರಿಸಿದಾಗ ಅವಳು ಕೇಳಿದ್ದು ಒಂದೇ ಮಾತು, ಹೊಟ್ಟೆ ತೊಳಸಿದರೆ ನಡುವೆ ಎಲ್ಲಾದರೂ ನಿಲ್ಲಿಸುತ್ತಾರೋ ಎಂದು. ಇಲ್ಲ ಎಂದ ಅವನು. ಹಾಗಾದರೆ ನಾವು ಬರುವುದಿಲ್ಲ ಎಂದಳು. ಹನೋಕ ಅಲ್ಲೇ ಕೂತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಹನೋಕ ಸಿನಗಾಗಿನ ಶಮಾಶ್ ಆಗಿದ್ದ. ಕಸ ಗುಡಿಸುವುದು, ದೀಪಕ್ಕೆ ಎಣ್ಣೆ ಹಾಕುವುದು, ಗೋರಿಗಳ ಮೇಲಿನ ಹುಲ್ಲು ಕೊಯ್ಯುವುದು, ಬೀಗದ ಕೈ ಎಲ್ಲಿಟ್ಟೆನೆಂದು ಹೆಂಡತಿಯನ್ನು ಕೇಳುವುದು, ಇಷ್ಟು ಅವನ ಕೆಲಸ. ಪ್ರಾರ್ಥನೆಗೆ ಬರುವವರೇ ಇಲ್ಲದ ಮೇಲೆ ಶಮಾಶನಿಗೆ ಬೈಯುವವರೂ ಇರಲಿಲ್ಲ. ಅವನು ಸುಖವಾಗಿಯೇ ಇದ್ದ. ತೊಂಬತ್ತರ ದಶಕದಲ್ಲಿ ದಾರಿ ಸಲೀಸಾಗಿ, ಹೋದವರು ತಮ್ಮ ಹಿರಿಯರ ಗೋರಿ ನೋಡಲು ಬರತೊಡಗಿದರು ನೋಡಿ, ಅಲ್ಲಿಗೆ ಅವನ ಸುಖ ಮುಗಿಯಿತು.

ಮೊದಲು ಬಂದವನು ಬಿನ್ಯಾಮಿನ್. ಇಸ್ರೇಲಿನ ದಿಮೋನಾದಲ್ಲಿ ಬಸ್ಸು ಓಡಿಸುವವನು, ತೀರ ಚಿಕ್ಕವನಿದ್ದಾಗ ಕೋಳಂಬೆ ಬಿಟ್ಟವನು. ಅಜ್ಜ ಮೂಸಾಜಿಯ ಗೋರಿ ಎಲ್ಲಿ ಎಂದು ಕೇಳಿದ. ಹನೋಕ ತೋರಿಸಿದ. ಆನೆಯಂಥ ಆಳು ಕಲ್ಲಿನ ಮೇಲೆ ಕೈಯಿಟ್ಟು ಮಗುವಿನ ಹಾಗೆ ಅತ್ತ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಮಾಮಾ, ನೀವು ನಮ್ಮಜ್ಜನ್ನ ಕಣ್ಣಾರೆ ನೋಡಿದೋರು. ಏನಾದ್ರೂ ಹೇಳಿ. ನಂಗೆ ಮುಖಾನೂ ನೆನಪಿಲ್ಲ," ಎಂದ.

ಹನೋಕನಿಗೆ ಮೂಸಾಜಿ ಚೆನ್ನಾಗಿಯೇ ನೆನಪಿದ್ದ. ಮೂಸಾಜಿ ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವ ಹುಡುಗರಿಗೆ ಚಪ್ಪಲಿ ಎಸೆಯುತ್ತಿದ್ದ. ಗುರಿ ತಪ್ಪುತ್ತಿರಲಿಲ್ಲ. ಅದನ್ನು ಬಿಟ್ಟರೆ ಬೇರೆ ನೆನಪೇ ಇಲ್ಲ. ಅಷ್ಟು ದೂರದಿಂದ ಬಂದು ಅತ್ತವನಿಗೆ ಇದನ್ನು ಹೇಗೆ ಹೇಳುವುದು? ಹನೋಕ ಬಾಯಿ ತೆರೆದ. ತೆರೆದ ಬಾಯಿಂದ ತನ್ನ ಸ್ವಂತ ಅಪ್ಪ ಎಲ್ಲೋಜಿಯ ಎತ್ತು ಹೊರಗೆ ಬಿತ್ತು.

ಎಲ್ಲೋಜಿಯ ಎತ್ತಿನದು ನಡೆದ ಸಂಗತಿ. ಒಂದು ಶುಕ್ರವಾರ ಎಲ್ಲೋಜಿ ಹೊತ್ತು ಮುಳುಗುವವರೆಗೂ ಗಾಣ ಆಡಿಸಿದ. ಶಬ್ಬಾತ್ ಹೊಸ್ತಿಲಿಗೆ ಬಂತೆಂದು ಹೆಂಡತಿ ಕೂಗಿದ್ದೇ ತಡ, ಸ್ನಾನಕ್ಕೆ ಓಡಿದ. ಎತ್ತಿನ ನೊಗ ಬಿಚ್ಚಲು ಮರೆತ. ಶನಿವಾರ ಬೆಳಗ್ಗೆ ಬಿಳಿ ಬಟ್ಟೆಯುಟ್ಟು ಪ್ರಾರ್ಥನೆಗೆ ಹೊರಟವನಿಗೆ ಹಿತ್ತಲಲ್ಲಿ ಕಿರ್ ಕಿರ್ ಎಂದು ಕೇಳಿಸಿತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಎತ್ತು ತನ್ನ ಪಾಡಿಗೆ ತಾನು ಸುತ್ತುತ್ತಿದೆ. ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ಸಂಜೆಯವರೆಗಿನ ಶಬ್ಬಾತಿನಲ್ಲಿ ಮನುಷ್ಯ ದುಡಿಯಬಾರದು, ಅವನ ಎತ್ತೂ ದುಡಿಯಬಾರದು. ಹಗ್ಗ ಬಿಚ್ಚೋಣವೆಂದರೆ ಗಂಟು ಬಿಚ್ಚುವುದೂ ಕೆಲಸವೇ. ಈ ನಿಯಮವಿಲ್ಲದ ಬೇರೆಯವರ ಕೈಲಿ ಬಿಚ್ಚಿಸೋಣವೆಂದರೆ ಪಕ್ಕದ ಓಣಿಯ ಮರಾಠರೆಲ್ಲ ಸಂತೆಗೆ ಹೋಗಿದ್ದರು. ಎಲ್ಲೋಜಿ ಎತ್ತಿನ ಮುಂದೆ ನಿಂತು ಕೈ ಮುಗಿದ. ಎತ್ತು ಅವನನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಯಿತು. ಅದರ ಕಿವಿಯಲ್ಲಿ ಶಬ್ಬಾತಿನ ಪ್ರಾರ್ಥನೆ ಹೇಳಿದ. ಎತ್ತಿಗೆ ಇನ್ನಷ್ಟು ಹುರುಪು ಬಂತು. ಸಂಜೆಯವರೆಗೂ ಎಲ್ಲೋಜಿ ಅದರ ಹಿಂದೆಯೇ ಸುತ್ತುತ್ತ ಬೇಡಿಕೊಂಡ.

ಮರುದಿನ ಹಿರಿಯರು ಕರೆಸಿದರು. ಶಬ್ಬಾತಿನಲ್ಲಿ ಗಾಣ ಆಡಿಸಿದ್ದು ಯಾರು ಎಂದರು. ಎತ್ತು ಎಂದ. ಅದರ ಹಿಂದೆ ಸುತ್ತುತ್ತಿದ್ದದ್ದು ಯಾರು ಎಂದರು. ನಾನು ಎಂದ. ಯಾಕೆ ಎಂದರು. ಬೇಡ ಬೇಡ ಅಂತ ಹೇಳುವುದಕ್ಕೆ ಎಂದ. ಹಿರಿಯರು ಗಡ್ಡದೊಳಗೆ ನಗು ಅಡಗಿಸಿಕೊಂಡರು. ಆದರೆ ಆ ದಿನ ಬಿದ್ದ ಎಣ್ಣೆಯನ್ನು ತಿನ್ನುವಂತಿಲ್ಲ, ಮಾರುವಂತಿಲ್ಲ, ಸಿನಗಾಗಿನ ದೀಪಕ್ಕಂತೂ ಮೊದಲೇ ಇಲ್ಲ. ತೆಗೆದವನಿಗೇ ಸೇರಲಿ ಎಂದು ತೀರ್ಪಾಯಿತು. ಎಲ್ಲೋಜಿ ಕೊಡದ ತುಂಬ ಎಳ್ಳೆಣ್ಣೆಯನ್ನು ಎತ್ತಿನ ಮೈಗೇ ತಿಕ್ಕಿದ. ಎತ್ತು ಮದುಮಗನ ಹಾಗೆ ಹೊಳೆಯತೊಡಗಿತು. ಆ ಹೊಳಪಿಗೆ ಮರುಳಾದ ಊರಿನ ಪಾಟೀಲ ಅದನ್ನು ಕಡಲದಂಡೆಯ ಗಾಡಿ ಓಟಕ್ಕೆ ಕಟ್ಟಿದ. ಬೇರೆ ಗಾಡಿಗಳು ನೇರವಾಗಿ ಓಡಿದವು. ಗಾಣದ ಎತ್ತು ಮಾತ್ರ ಜೋಡಿ ಎತ್ತನ್ನೂ ಪಾಟೀಲನನ್ನೂ ಎಳೆದುಕೊಂಡು ಮರಳಿನಲ್ಲಿ ಗುಂಡಗೆ ಸುತ್ತತೊಡಗಿತು. ಕಡಲು ಉಕ್ಕಿ ನೀರು ಗಾಲಿಗೆ ತಾಗುವವರೆಗೂ ಸುತ್ತಿತು. ಪಾಟೀಲನ ರುಮಾಲು ಕಡಲ ಪಾಲಾಯಿತು.

ಇದಿಷ್ಟನ್ನೂ ಹನೋಕ ಮೂಸಾಜಿಯ ಹೆಸರಿನಲ್ಲಿ ಹೇಳಿದ. ಬಿನ್ಯಾಮಿನ್ ನಕ್ಕ, ಮತ್ತೆ ಅತ್ತ, ಹನೋಕನ ಪಕ್ಕೆಲುಬು ಲಟಕ್ಕೆನ್ನುವ ಹಾಗೆ ತಬ್ಬಿಕೊಂಡ. ನನಗೀಗ ಒಬ್ಬ ಅಜ್ಜ ಸಿಕ್ಕಿದ ಎಂದ.

ಅವನ ಹಿಂದೆಯೇ ಅಶ್ದೋದಿನಿಂದ ಮೋಝೆಲ್ ಎಂಬ ಹೆಂಗಸು ಬಂದಳು. ಮನೆ ತುಂಬ ಮೊಮ್ಮಕ್ಕಳಿದ್ದವಳು, ಜೋರಿನವಳು. ಗೋರಿಯ ಮುಂದೆ ಕರಗಿ ನೀರಾದಳು. ಅವಳ ಅಜ್ಜ ಹಸಾಜಿ ಪ್ರಾರ್ಥನೆಯ ನಡುವೆ ಗೊರಕೆ ಹೊಡೆದು, ಎಚ್ಚರವಾದಾಗೆಲ್ಲ ಬೇಡದ ಕಡೆ 'ಆಮೇನ್' ಎಂದು ಕೂಗುತ್ತಿದ್ದವನು. ಹನೋಕ ಅವಳಿಗೂ ಎತ್ತನ್ನೇ ಕೊಟ್ಟ. ಮೈಬಣ್ಣ ಮಾತ್ರ ಬಿಳಿಯಿಂದ ಕಪ್ಪಿಗೆ ಬದಲಾಯಿಸಿದ. ಅಲ್ಲಿಂದ ಮುಂದೆ ಬಂದವರಿಗೆಲ್ಲ ಅದೇ. ಒಬ್ಬರಿಗೆ ಮುರಿದ ಕೊಂಬಿನದು, ಒಬ್ಬರಿಗೆ ಕುಂಟುವುದು. ಎಲ್ಲರ ಅಜ್ಜಂದಿರೂ ಗಾಣದವರೇ ಆಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಅಡುಗೆಮನೆಯಿಂದ ಸಿಪ್ಪೋರಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಇರೋ ಒಂದೆತ್ತನ್ನ ಇಡೀ ಇಸ್ರೇಲ್‌ಗೆ ಹಂಚಿದ್ರಲ್ರೀ," ಎಂದಳು ಒಂದು ದಿನ. "ಮಾವ ಇದ್ದಿದ್ರೆ ಆ ನೊಗಾನ ನಿಮ್ಮ ಕುತ್ತಿಗೇಗೇ ಕಟ್ಟೋರು."

ಹನೋಕ ಪೊರಕೆ ಎತ್ತಿಕೊಂಡು ಸಿನಗಾಗಿನ ಕಡೆ ನಡೆದ. ಅಪ್ಪನ ಮಾತು ಬಂದರೆ ಅವನು ಹೀಗೆಯೇ ಎದ್ದು ಹೋಗುತ್ತಿದ್ದ. ಎಲ್ಲೋಜಿ ತೀರಿಕೊಂಡದ್ದು ಆಳಿ ಖಾಲಿಯಾಗುತ್ತಿದ್ದ ವರ್ಷ. ಸತ್ತವನಿಗಾಗಿ ಮಗ ಕದ್ದಿಶ್ ಪ್ರಾರ್ಥನೆ ಹೇಳಬೇಕಾದರೆ ಹತ್ತು ಗಂಡಸರು ಸೇರಬೇಕು. ಮಣ್ಣು ಮಾಡುವ ದಿನ ಅಕ್ಕಪಕ್ಕದ ಊರುಗಳಿಂದ ಬಂದು ಲೆಕ್ಕ ತುಂಬಿಸಿದ್ದರು. ಆಮೇಲೆ ಯಾರು ಬರುತ್ತಾರೆ? ವರ್ಷವಿಡೀ ಹೇಳಬೇಕಾದ ಕದ್ದಿಶ್ ಹನೋಕನ ಗಂಟಲಲ್ಲೇ ಉಳಿಯಿತು. ಈಗ ಎತ್ತೂ ಹೋಯಿತು. ಅಪ್ಪನನ್ನು ನೆನೆಯೋಣವೆಂದು ಕಣ್ಣು ಮುಚ್ಚಿದರೆ ಗಾಣದ ಹಿಂದೆ ಒಮ್ಮೆ ಮೂಸಾಜಿ ಸುತ್ತುತ್ತಿದ್ದ, ಒಮ್ಮೆ ಹಸಾಜಿ ಸುತ್ತುತ್ತಿದ್ದ. ಅಪ್ಪ ತನ್ನ ಸರದಿಗಾಗಿ ಪಕ್ಕದಲ್ಲೆಲ್ಲೋ ಕಾಯುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ಸಿಪ್ಪೋರಾ ಬಂದರಿಗೆ ಮೀನು ತರಲು ಹೋಗಿದ್ದಳು. ರಿಕ್ಷಾ ಓಡಿಸುವ ದತ್ತೂ ಬಂದು, ಅಲಿಬಾಗಿನಲ್ಲಿ ಇಸ್ರೇಲಿನವರ ಒಂದು ಬಸ್ಸೇ ಇಳಿದಿದೆ, ಇನ್ನೇನು ಇಲ್ಲಿಗೆ ಬರುತ್ತದೆ ಎಂದ. ಯಾರ್ಯಾರು ಎಂದು ಕೇಳಿದ ಹನೋಕ. ದಿಮೋನಾದ ಆ ಡ್ರೈವರ್ ಸಾಹೇಬರು, ಅಶ್ದೋದಿನ ಆ ಜೋರಿನ ಬಾಯಿ ಎಂದು ದತ್ತೂ ಹೇಳುತ್ತ ಹೋದ. ಎತ್ತು ಪಡೆದವರೆಲ್ಲ ಒಂದೇ ಬಸ್ಸಿನಲ್ಲಿ ಬರುತ್ತಿದ್ದಾರೆ ಎಂಬುದು ತಲೆಗೆ ಹೋಗುತ್ತಲೇ ಹನೋಕ ಚಹಾದ ಲೋಟ ಅಲ್ಲೇ ಇಟ್ಟು ಎದ್ದ.

"ದತ್ತೂ, ಯಾರಾದ್ರೂ ಕೇಳಿದ್ರೆ ಮಾಮಾ ಹೋದ್ರು ಅನ್ನು. ಪೇಣ್‌ಗೆ ಹೋದ್ರು, ನಾಳೆ ಬರ್ತಾರೆ ಅನ್ನು," ಎಂದು ಹೇಳಿ, ಏಣಿ ಹತ್ತಿ ಅಟ್ಟ ಸೇರಿ, ತೆಂಗಿನಕಾಯಿ ರಾಶಿಯ ಹಿಂದೆ ಕೂತ.

ಬಸ್ಸು ಬರುವಷ್ಟರಲ್ಲಿ ದತ್ತೂ ಬಾಯಿಗೆ ತಂಬಾಕು ಹಾಕಿಕೊಂಡಿದ್ದ; ಉದ್ದ ಮಾತು ಆಡಿದರೆ ರಸ ಸೋರುತ್ತದೆ. ಬಸ್ಸಿನಿಂದ ಇಳಿದ ಮೋಝೆಲ್ ಹನೋಕ್ ಮಾಮಾ ಎಲ್ಲಿ ಎಂದು ಕೇಳಿದ್ದಕ್ಕೆ "ಮಾಮಾ ಹೋದ್ರು," ಎಂದಷ್ಟೇ ಹೇಳಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದಕ್ಕೆ ಅವನ ಕಣ್ಣು ತಾನಾಗಿಯೇ ಅಟ್ಟದ ಕಡೆ ಹೊರಳಿತು. ನೋಡಿದವರಿಗೆ ಅವನು ಆಕಾಶ ತೋರಿಸಿದಂತೆ ಕಂಡಿತು. ಇನ್ನೂ ಏನಾದರೂ ಕೇಳಿಯಾರೆಂದು ಹೆದರಿ ಅವನು ರಿಕ್ಷಾ ಓಡಿಸಿಕೊಂಡು ಹೋಗಿಬಿಟ್ಟ.

ಮೋಝೆಲ್ ಎದೆ ಬಡಿದುಕೊಂಡಳು. ಬಸ್ಸಿಗೆ ಬಸ್ಸೇ ಅಳುತ್ತ ಮನೆಯೊಳಗೆ ಬಂತು. ಬಿನ್ಯಾಮಿನ್ ತನ್ನ ಹೊಸ ಅಂಗಿಯನ್ನು ಕೊರಳಿನಿಂದ ಜೇಬಿನವರೆಗೆ ಹರಿದುಕೊಂಡ. ಸತ್ತವರಿಗಾಗಿ ರಕ್ತಸಂಬಂಧಿಕರು ಮಾತ್ರ ಅಂಗಿ ಹರಿದುಕೊಳ್ಳಬೇಕೆಂದು ಯಾರೋ ಹೇಳಿದರು. ಆ ಹೊತ್ತಿಗೆ ಅಂಗಿ ಹರಿದಾಗಿತ್ತು. ಸಾವಿನ ಮನೆಯಲ್ಲಿ ಕನ್ನಡಿ ಮುಚ್ಚಬೇಕು, ಮೋಝೆಲ್ ಹಗ್ಗದ ಮೇಲಿದ್ದ ಸಿಪ್ಪೋರಾಳ ಸೀರೆ ತಂದು ಮುಚ್ಚಿದಳು. ಸೀರೆ ಉದ್ದವಿದ್ದುದರಿಂದ ರೇಡಿಯೋ ಕೂಡ ಮುಚ್ಚಿಹೋಯಿತು. ದುಃಖದ ಮನೆಯ ಊಟಕ್ಕೆಂದು ಯಾರೋ ಅಡುಗೆಮನೆಯ ಮೊಟ್ಟೆಯನ್ನೆಲ್ಲ ಬೇಯಿಸಿದರು. ಎಲ್ಲರೂ ಚಾಪೆಯ ಮೇಲೆ ಕೂತು, ಮೊಟ್ಟೆ ಸುಲಿಯುತ್ತ, ಹನೋಕ್ ಮಾಮಾನ ಗುಣಗಾನಕ್ಕೆ ತೊಡಗಿದರು. ಬೆಳಗ್ಗೆಯಿಂದ ಬರೀ ಚಹಾದಲ್ಲಿದ್ದ ಮಾಮಾ ಮೇಲಿನಿಂದ ಮೊಟ್ಟೆಯ ವಾಸನೆ ನೋಡುತ್ತಿದ್ದ. ಇಳಿದು ಬರಲು ಎರಡು ಸಲ ಎದ್ದ. ಆದರೆ ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಇನ್ನೊಂದು ಸ್ವಲ್ಪ ಕೇಳೋಣವೆಂದು ಮತ್ತೆ ಕೂತ.

ಅಷ್ಟರಲ್ಲಿ ಬಿನ್ಯಾಮಿನ್, ಮಾಮಾ ಇಲ್ಲದಿದ್ದರೆ ನಮ್ಮಜ್ಜನ ಎತ್ತಿನ ವಿಷಯ ನನಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ಕಥೆ ಶುರುಮಾಡಿದ. ಶುಕ್ರವಾರ ನೊಗ ಬಿಚ್ಚಲು ಮರೆತ ಎನ್ನುವಲ್ಲಿಗೆ ಮೋಝೆಲ್ ಮೊಟ್ಟೆ ಕೆಳಗಿಟ್ಟಳು.

"ಅದು ನಮ್ಮಜ್ಜನ ಎತ್ತಪ್ಪಾ."

"ನಿಮ್ಮಜ್ಜನ್ದು ಯಾಕಾಗುತ್ತೆ? ಬಿಳೀ ಎತ್ತು, ನಮ್ಮಜ್ಜನ್ದು."

"ಕಪ್ಪು. ನನ್ ಮೊಮ್ಮಕ್ಕಳು ಚಿತ್ರ ಬರ್ದು ಗೋಡೆಗೆ ಅಂಟಿಸಿದಾರೆ."

ಮೂಲೆಯಿಂದ ಒಬ್ಬ, ಕೊಂಬು ಮುರಿದಿತ್ತಲ್ಲ ಎಂದ. ಇನ್ನೊಬ್ಬಳು, ಕುಂಟುತ್ತಿತ್ತಲ್ಲ ಎಂದಳು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಮುದುಕ ಸುಳ್ಳುಗಾರ ಎಂದು ಒಬ್ಬ ಹೇಳಿದ. ಸತ್ತವರನ್ನು ಹಾಗೆಲ್ಲ ಅನ್ನಬಾರದು ಎಂದು ಹೆಂಡತಿ ಅವನ ತೊಡೆ ಚಿವುಟಿದಳು. ಹಾಗಾದರೆ ದೇವರು ಅವನನ್ನು ಕ್ಷಮಿಸಲಿ, ಸುಳ್ಳುಗಾರನಾಗಿದ್ದ ಎಂದು ತಿದ್ದಿಕೊಂಡ.

ಮೀನಿನ ಚೀಲ ಹಿಡಿದು ಸಿಪ್ಪೋರಾ ಬಾಗಿಲಲ್ಲಿ ಕಾಣಿಸಿದ್ದು ಆಗಲೇ. ಮೋಝೆಲ್ ಎದ್ದು ಓಡಿ ಅವಳನ್ನು ತಬ್ಬಿಕೊಂಡಳು. "ಮಾಮಿ, ಹೇಗಾಯ್ತು ಮಾಮಿ? ಮಾಮಾ ಹೋದ್ರಂತಲ್ಲ."

ಸಿಪ್ಪೋರಾ ಸುತ್ತ ನೋಡಿದಳು. ಚಾಪೆಯ ಮೇಲೆ ಕೂತ ಜನ, ಹರಿದ ಅಂಗಿ, ಮುಚ್ಚಿದ ಕನ್ನಡಿ. ಚೀಲ ಕೈಯಿಂದ ಜಾರಿ ಬಂಗುಡೆಗಳು ನೆಲದ ಮೇಲೆ ಹರಡಿಕೊಂಡವು.

"ಈಗಿನ್ನೂ ನಾನೇ ಚಹಾ ಕೊಟ್ಟು ಹೋಗಿದ್ನಲ್ಲ," ಎಂದಳು. "ಸಕ್ಕರೆ ಕಮ್ಮಿ ಅಂದ್ರು. ಬಂದು ಹಾಕ್ತೀನಿ ಅಂದಿದ್ದೆ."

ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಅವಳನ್ನು ಹಿಡಿದು ಚಾಪೆಯ ಮೇಲೆ ಕೂರಿಸಿದರು. ಸಿಪ್ಪೋರಾ ಅಳಲಿಲ್ಲ. ಮೀನುಗಳನ್ನೇ ನೋಡುತ್ತ ಕೂತಳು. ಸಮಾಧಾನಕ್ಕೆಂದು ಬಿನ್ಯಾಮಿನ್, ಮಾಮಾ ನಮ್ಮಜ್ಜನ ಎತ್ತಿನ ಕಥೆ ಎಷ್ಟು ಚೆನ್ನಾಗಿ ಹೇಳುತ್ತಿದ್ದರು ಎಂದ. ನಮ್ಮಜ್ಜನ ಎತ್ತು ಎಂದಳು ಮೋಝೆಲ್, ತಡೆಯಲಾಗದೆ. ಸಿಪ್ಪೋರಾ ತಲೆಯೆತ್ತಿದಳು.

"ಆ ಎತ್ತು ನಿಮ್ಯಾರ್ದೂ ಅಲ್ಲ. ನಮ್ಮ ಮಾವ ಎಲ್ಲೋಜೀದು. ನೀವೆಲ್ಲ ಅಳ್ತಾ ಬಂದು ಕೇಳ್ತಿದ್ರಿ, ಬರಿಗೈಲಿ ಕಳ್ಸೋಕೆ ಇವರ ಮನಸ್ಸು ಒಪ್ತಿರ್ಲಿಲ್ಲ. ತಮ್ಮಪ್ಪನ್ನ ಕುಯ್ದು ಕುಯ್ದು ಎಲ್ರಿಗೂ ಒಂದೊಂದ್ ತುಂಡು ಕೊಟ್ರು. ಆಯ್ತಲ್ಲ, ಈಗ ಹೋದ್ರಲ್ಲ. ಇನ್ನಾದ್ರೂ ಅವರಪ್ಪನ್ನ ಅವರಿಗೆ ವಾಪಸ್ ಕೊಡಿ."

ಆಗ ಅಟ್ಟದ ಮೇಲಿಂದ ಯಾರೋ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಒಂದು ತೆಂಗಿನಕಾಯಿ ಉರುಳಿ ಬಂದು ಮೊಟ್ಟೆಯ ತಟ್ಟೆಗೆ ಬಿತ್ತು. ಅದರ ಹಿಂದೆ ಏಣಿಯ ಮೇಲೆ ಎರಡು ಕಾಲು ಕಾಣಿಸಿಕೊಂಡವು, ಆಮೇಲೆ ಲುಂಗಿ, ಆಮೇಲೆ ಜೇಡರ ಬಲೆ ಮೆತ್ತಿದ ತಲೆ.

"ನಾನು ಪೇಣ್‌ಗೆ ಹೋಗಿದ್ದೆ," ಎಂದ ಹನೋಕ, ಬೇರೇನೂ ತೋಚದೆ.

ಇಬ್ಬರು ಹೆಂಗಸರು ಮೂರ್ಛೆ ಹೋದರು. ಒಬ್ಬಳು ನಿಜವಾಗಿ, ಇನ್ನೊಬ್ಬಳು ಅವಳನ್ನು ನೋಡಿ. ಸಿಪ್ಪೋರಾ ಎದ್ದು, ನೆಲದಿಂದ ಒಂದೊಂದೇ ಬಂಗುಡೆ ಹೆಕ್ಕಿ ಗಂಡನಿಗೆ ಎಸೆಯತೊಡಗಿದಳು. ಒಂದೂ ತಾಗಲಿಲ್ಲ, ಏಕೆಂದರೆ ಅವಳ ಕಣ್ಣು ನೀರಿನಿಂದ ಮಂಜಾಗಿತ್ತು. ಮೀನು ಮುಗಿದ ಮೇಲೆ ಅಲ್ಲೇ ಕುಸಿದು ಕೂತು, ಆವರೆಗೆ ಬಾರದ ಅಳುವನ್ನೆಲ್ಲ ಅತ್ತಳು. ಹನೋಕ ಪಕ್ಕದಲ್ಲಿ ಕೂತ. ಮುಟ್ಟಲು ಧೈರ್ಯ ಬರಲಿಲ್ಲ.

ಬಿನ್ಯಾಮಿನ್ ತನ್ನ ಹರಿದ ಅಂಗಿಯನ್ನು ನೋಡಿಕೊಂಡ. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಒಂದು ಪ್ರಶ್ನೆ. "ಹೋಗ್ಲಿ ಮಾಮಾ," ಎಂದ. "ನಮ್ಮಜ್ಜ ನಿಜವಾಗ್ಲೂ ಹೇಗಿದ್ದ? ಈಗಲಾದ್ರೂ ಹೇಳಿ."

ಹನೋಕ ತಲೆ ತಗ್ಗಿಸಿ ಚಪ್ಪಲಿಯ ವಿಷಯ ಹೇಳಿದ. ತನ್ನ ಬೆನ್ನಿನ ಮೇಲೆ ಬಿದ್ದವುಗಳ ಲೆಕ್ಕವೇ ಇಲ್ಲ ಎಂದ. ಬಿನ್ಯಾಮಿನನ ಮೈಯೆಲ್ಲ ನಗುವಿಗೆ ಕುಲುಕತೊಡಗಿತು.

"ನಮ್ಮಪ್ಪಾನೂ ಎಸೀತಿದ್ದ ಮಾಮಾ. ದಿಮೋನಾದಲ್ಲಿ, ಮೂರನೇ ಮಹಡಿಯಿಂದ. ಎಲ್ಲಿಂದ ಕಲಿತ ಅಂತ ನಮಗೆ ಗೊತ್ತೇ ಇರ್ಲಿಲ್ಲ."

ಆಮೇಲೆ ಎಲ್ಲರೂ ಸುತ್ತುವರಿದು ತಮ್ಮ ತಮ್ಮ ಅಜ್ಜಂದಿರ ನಿಜ ಕೇಳಿದರು. ಹಸಾಜಿಯ ಆಮೇನಿಗೆ ಮೋಝೆಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಅಣ್ಣ ಅಶ್ದೋದಿನ ಸಿನಗಾಗಿನಲ್ಲಿ ಇವತ್ತಿಗೂ ಅದನ್ನೇ ಮಾಡುತ್ತಾನೆಂದಳು. ಆದರೆ ಎತ್ತನ್ನು ಮಾತ್ರ ವಾಪಸು ಕೊಡಲು ಒಪ್ಪಲಿಲ್ಲ. ಗೋಡೆಯ ಮೇಲಿನ ಚಿತ್ರ ಕಿತ್ತರೆ ಮಕ್ಕಳು ಊಟ ಬಿಡುತ್ತಾರೆ ಎಂದಳು. ಬಹಳ ಚರ್ಚೆಯಾಗಿ, ಎತ್ತು ಎಲ್ಲೋಜಿಯದೇ, ಉಳಿದವರ ಅಜ್ಜಂದಿರು ಅದು ಸುತ್ತುವುದನ್ನು ಬೇಲಿಯಾಚೆಯಿಂದ ನೋಡಿದವರು ಎಂದು ತೀರ್ಮಾನವಾಯಿತು.

ಆ ಚರ್ಚೆಯ ನಡುವೆ ಹನೋಕ ಒಬ್ಬೊಬ್ಬರ ಮುಖ ನೋಡುತ್ತ ಏನೋ ಗುಣುಗುಣಿಸುತ್ತಿದ್ದುದನ್ನು ಬಿನ್ಯಾಮಿನ್ ಗಮನಿಸಿದ. ಮಾಮಾ ಗಂಡಸರನ್ನು ಎಣಿಸುತ್ತಿದ್ದ. ಹತ್ತಕ್ಕಿಂತ ಹೆಚ್ಚೇ ಇದ್ದರು. ಯಾಕೆ ಎಂದು ಕೇಳಿದರೆ ಏನಿಲ್ಲ ಎಂದ. ಸಿಪ್ಪೋರಾ ಮೂಗು ಸೀಟುತ್ತಲೇ ಯಾಕೆಂದು ಹೇಳಿದಳು.

ಎಲ್ಲರೂ ಎದ್ದು ಗೋರಿಗಳ ಕಡೆ ನಡೆದರು. ಎಲ್ಲೋಜಿಯ ಕಲ್ಲಿನ ಮುಂದೆ ಹನೋಕ ಕದ್ದಿಶ್ ಹೇಳಿದ. ನಡುವೆ ಎರಡು ಕಡೆ ಮರೆತ. ಬಿನ್ಯಾಮಿನ್ ಹಿಂದಿನಿಂದ ಎತ್ತಿಕೊಟ್ಟ. ಆಮೇನ್ ಎಂದು ಅಷ್ಟು ಗಂಡಸರು ಒಟ್ಟಿಗೆ ಕೂಗಿದ್ದನ್ನು ಆ ಓಣಿ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ತೆಂಗಿನ ಮರದ ಕಾಗೆಗಳು ಗಾಬರಿಯಾಗಿ ಎದ್ದು ಹಾರಿದವು. ಹನೋಕ ಕಣ್ಣು ಮುಚ್ಚಿದ. ಗಾಣದ ಹಿಂದೆ ಅಪ್ಪ ಒಬ್ಬನೇ ಇದ್ದ, ಬಿಳಿ ಬಟ್ಟೆಯಲ್ಲಿ, ಕೈ ಮುಗಿದುಕೊಂಡು. ತೀರ ಬೆವತಿದ್ದ.

ಬಂದವರು ಮಧ್ಯಾಹ್ನ ಬಂಗುಡೆಗಳನ್ನು ತೊಳೆದು ತೆಂಗಿನಹಾಲಿನ ಸಾರು ಮಾಡಿಸಿ ಉಂಡು ಹೋದರು. ಬಸ್ಸು ಹೊರಡುವವರೆಗೂ ಸಿಪ್ಪೋರಾ ಬಿನ್ಯಾಮಿನನ ಅಂಗಿಗೆ ಹೊಲಿಗೆ ಹಾಕುತ್ತಿದ್ದಳು. ಗಂಡನ ಜೊತೆ ಮಾತ್ರ ಒಂದು ವಾರ ಮಾತಾಡಲಿಲ್ಲ. ಅವನ ಚಹಾಕ್ಕೆ ಅವಳು ಸುರಿದ ಸಕ್ಕರೆಯನ್ನು ಕಂಡು ದತ್ತೂಗೇ ಹೆದರಿಕೆಯಾಯಿತು.

ಅಲ್ಲಿಂದಾಚೆಗೆ ಯಾರಾದರೂ ಬಂದು ಕೇಳಿದರೆ ಹನೋಕ ನೆನಪಿದ್ದದ್ದನ್ನು ಮಾತ್ರ ಹೇಳುತ್ತಿದ್ದ. ಹೈಫಾದವನೊಬ್ಬ ಅಜ್ಜನ ಬಾಯಿ ನಾರುತ್ತಿದ್ದ ವಿಷಯ ಕೇಳಿ ಮುನಿಸಿಕೊಂಡು ಎದ್ದು ಹೋದ. ಹನೋಕನ ನೆನಪಿನ ಚೀಲವೂ ಬೇಗ ಖಾಲಿಯಾಯಿತು. ಆಗ ಗೊತ್ತಾದದ್ದು, ಊರಿನ ನಿಜವಾದ ನೆನಪೆಲ್ಲ ಇದ್ದದ್ದು ಅಡುಗೆಮನೆಯಲ್ಲಿ ಎಂದು. ಯಾರ ಮನ ಯಾರಿಂದ ಮುರಿಯಿತು, ಯಾರ ಮದುವೆಯಲ್ಲಿ ಯಾರು ಉಣ್ಣದೆ ಎದ್ದರು, ಎಲ್ಲವೂ ಸಿಪ್ಪೋರಾಳಿಗೆ ನಿನ್ನೆಯದರಂತಿತ್ತು. ಸಿನಗಾಗಿನ ಗೇಟು ತೆಗೆಯುವುದು ಹನೋಕ, ಮಾತಾಡುವುದು ಸಿಪ್ಪೋರಾ ಎಂದಾಯಿತು.

ಒಂದು ಸಲ ಬೇರ್‌ಶೇಬಾದಿಂದ ಗಂಡ ಹೆಂಡತಿ ಬಂದು, ಹೆಂಡತಿ ತನ್ನ ಅಜ್ಜಿ ರೆಬ್ಕಾಬಾಯಿಯ ಬಗ್ಗೆ ಕೇಳಿದಳು. ಸಿಪ್ಪೋರಾ ತೆಂಗಿನಕಾಯಿ ತುರಿಯುತ್ತಲೇ, ನಿಮ್ಮಜ್ಜಿ ಊರು ಬಿಡುವಾಗ ರುಬ್ಬುಗಲ್ಲಿಗಾಗಿ ಮೂರು ದಿನ ಅತ್ತಳು, ವಿಮಾನದವರು ಬೇಡ ಎಂದದ್ದಕ್ಕೆ ಪಾಟೀಲರ ಮನೆಗೆ ಕೊಟ್ಟು ಹೋದಳು, ಈಗಲೂ ಅಲ್ಲೇ ಇದೆ ಎಂದಳು. ಅವರು ಅಲ್ಲಿಗೆ ಓಡಿದರು. ಪಾಟೀಲರ ಸೊಸೆ ಮಸಾಲೆ ರುಬ್ಬುತ್ತಿದ್ದಳು. ಬೇರ್‌ಶೇಬಾದ ಹೆಂಗಸು ಒಂದೂ ಮಾತಾಡದೆ ಆ ಕಲ್ಲನ್ನು ತಬ್ಬಿಕೊಂಡು ಅಳತೊಡಗಿದಳು. ಕೆನ್ನೆಗೆಲ್ಲ ಕೆಂಪು ಮೆಣಸಿನ ಮಸಾಲೆ ಹತ್ತಿ ಅಳು ಇಮ್ಮಡಿಯಾಯಿತು. ಕಲ್ಲು ಒಯ್ಯಲು ಬಂದಿದ್ದಾರೆಂದುಕೊಂಡ ಪಾಟೀಲರ ಸೊಸೆ ಅದರ ಮೇಲೇ ಕೂತುಬಿಟ್ಟಳು. ಹನೋಕ ಮಧ್ಯೆ ನಿಂತು ಇಬ್ಬರಿಗೂ ವಿವರಿಸಲು ನೋಡಿದ. ಕೊನೆಗೆ ಸಿಪ್ಪೋರಾಳೇ ಬಂದು, ಒಬ್ಬಳ ಮುಖ ತೊಳೆಸಿ, ಇನ್ನೊಬ್ಬಳನ್ನು ಕಲ್ಲಿನಿಂದ ಎಬ್ಬಿಸಿದಳು. ಕಣ್ಣೀರು ಬಿದ್ದ ಅದೇ ಮಸಾಲೆಯಲ್ಲಿ ಪಾಟೀಲರ ಸೊಸೆ ಮಾಡಿದ ಸಾರು ಆ ದಿನ ಎಲ್ಲರಿಗೂ ಒಂದೊಂದು ಬಟ್ಟಲು ಸಿಕ್ಕಿತು. ತುಸು ಉಪ್ಪು ಹೆಚ್ಚಾಗಿತ್ತು ಎಂದು ಹನೋಕ ಹೇಳಿದ.